ಯಲ್ಲಾಪುರದ ಕಾಡಂಚಿನ ಎಣ್ಣೆ ಶೆಡ್ಡು

ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಸುಮಾರು 70 ಕಿಲೋಮೀಟರ್. ಕಲಘಟಗಿ ದಾಟುವವರೆಗೆ ಬಯಲು ಸೀಮೆಯ ಗಾಳಿ. ಕಿರವತ್ತಿ ಹತ್ತಿರ ಬರುತ್ತಿದ್ದಂತೆ ತೇಗದ ಮರಗಳು ರಸ್ತೆಗೆ ಒತ್ತಿಕೊಂಡು ನಿಲ್ಲುತ್ತವೆ, ಮೊಬೈಲ್ ಸಿಗ್ನಲ್ ಬಂದು ಹೋಗಿ ಆಟ ಆಡುತ್ತದೆ. ನವೆಂಬರ್ ಕೊನೆ. ಗದ್ದೆಗಳಲ್ಲಿ ಕೊಯ್ಲು ಜೋರಾಗಿತ್ತು. ಯಲ್ಲಾಪುರದಲ್ಲಿ ಇನ್ನೊಂದು ಬಸ್ಸು ಹಿಡಿದೆ. ಅದು ಇಳಿಸಿದ ಕಡೆಯಿಂದ ಕೆಂಪು ಮಣ್ಣಿನ ದಾರಿ, ಕಾಲ್ನಡಿಗೆ.

ಹೋಗುತ್ತಿದ್ದದ್ದು ಸಿದ್ದಿ ಹೆಂಗಸರ ಒಂದು ಗುಂಪನ್ನು ನೋಡೋಕೆ. ಕಾಡಿನ ಸೊಪ್ಪು, ಬೇರು, ಬೀಜಗಳಿಂದ ಎಣ್ಣೆ, ಮುಲಾಮು ಮಾಡಿ ಮಾರುತ್ತಾರೆ. ಶೆಡ್ಡು ಕಟ್ಟಿಸಿ, ಕೆಲಸ ಶುರು ಮಾಡಿಸಿದವರು ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು. ಮಿಷನ್ನಿನವರ ಕೆಲಸ ಅಂದ ಕೂಡಲೇ ನಮ್ಮ ಕಡೆ ಎರಡೇ ಮಾತು ಕೇಳಿಸುತ್ತದೆ. ಒಂದು, ‘ಎಷ್ಟು ಸೇವೆ ಮಾಡ್ತಾರೆ ಪಾಪ’. ಇನ್ನೊಂದು, ‘ಎಲ್ಲಾ ಮತಾಂತರಕ್ಕೆ’. ನನಗಿದ್ದ ಕುತೂಹಲ ಬೇರೆ. ಈ ವ್ಯಾಪಾರ ನಿಜಕ್ಕೂ ಯಾರದ್ದು?

ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರು ಅದರಲ್ಲಿ ಬಹಳ ಮಂದಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆ ಹರಡಿಕೊಂಡಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂವರೂ ‘ಹಿರಿಯಾರು’ ಅಂತ ತಮ್ಮ ಹಿರೀಕರನ್ನು ಪೂಜಿಸುತ್ತಾರೆ. ಶೆಡ್ಡಿನಲ್ಲೂ ಅದೇ ಬೆರಕೆ. ಗೋಡೆಯ ಮೇಲೆ ಮೇರಿ ಮಾತೆಯ ಪಟ, ಕೆಳಗೆ ಅರಿಶಿನ ಕುಂಕುಮ ಇಟ್ಟುಕೊಂಡವರು, ತಲೆ ಮೇಲೆ ಸೆರಗು ಹೊದ್ದವರು, ಕೊರಳಲ್ಲಿ ಶಿಲುಬೆ ಹಾಕಿಕೊಂಡವರು ಒಂದೇ ಮೊರದ ಸುತ್ತ ಕೂತು ಮುರುಗಲು (ಕೋಕಂ) ಬೀಜ ಹಸನು ಮಾಡುತ್ತಿದ್ದರು.

ಮುರುಗಲು ಹಣ್ಣು ಬೇಸಿಗೆಯದ್ದು. ಸಿಪ್ಪೆ ಸಾರಿಗೆ, ಶರಬತ್ತಿಗೆ ಹೋಗುತ್ತದೆ. ಬೀಜವನ್ನು ಒಣಗಿಸಿ ಇಟ್ಟುಕೊಳ್ಳುತ್ತಾರೆ. ಆಮೇಲೆ ಒಡೆದು, ಹೊಟ್ಟು ತೆಗೆದು, ತಿರುಳನ್ನು ಕುಟ್ಟಿ ನೀರಲ್ಲಿ ಕುದಿಸಬೇಕು. ಜಿಡ್ಡು ಮೇಲೆ ತೇಲುತ್ತದೆ. ಅದನ್ನು ಸೌಟಿನಿಂದ ಎತ್ತಿ ಆರಲು ಬಿಟ್ಟರೆ ಗಟ್ಟಿಯಾಗುತ್ತದೆ. ಅದೇ ಮುರುಗಲು ತುಪ್ಪ. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ, ತುಟಿಗೆ ಉತ್ತರ ಕನ್ನಡದ ಹಳೇ ಮನೆಗಳಲ್ಲಿ ಇದನ್ನೇ ಹಚ್ಚುತ್ತಿದ್ದದ್ದು. ಇವರು ಅದಕ್ಕೆ ಜೇನುಮೇಣ ಸೇರಿಸಿ ಪುಟ್ಟ ಡಬ್ಬಿಗೆ ತುಂಬುತ್ತಾರೆ. ಜಾಸ್ತಿ ಖರ್ಚಾಗುವ ಸಾಮಾನು ಇದೇ.

ಎಣ್ಣೆ ಕಾಯಿಸುವ ಕೆಲಸ ಒಬ್ಬ ಅಜ್ಜಿಯದು. ಲಕ್ಕಿ ಸೊಪ್ಪಿನ ರಸ, ಎಳ್ಳೆಣ್ಣೆ, ಅಗಲ ಬಾಯಿಯ ಉರುಳಿ, ಸಣ್ಣ ಉರಿ. ಗಂಟೆಗಟ್ಟಲೆ ಕೈ ಆಡಿಸುತ್ತಲೇ ಇರಬೇಕು. ನೀರಿನ ಅಂಶ ಪೂರ್ತಿ ಹೋಗಿದೆಯೋ ಇಲ್ಲವೋ ನೋಡೋಕೆ ಅಜ್ಜಿ ಒಂದು ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ದೀಪಕ್ಕೆ ಹಿಡಿದರು. ಚಟಚಟ ಅಂತು. ‘ಇನ್ನೂ ಹಸಿ ಐತಿ’ ಅಂದರು. ಅರ್ಧ ಗಂಟೆ ಬಿಟ್ಟು ಮತ್ತೆ ಹಿಡಿದಾಗ ಸದ್ದಿಲ್ಲದೆ ಉರಿಯಿತು. ಪಕ್ಕದ ಮೇಜಿನ ಮೇಲೆ ಥರ್ಮಾಮೀಟರ್ ಇತ್ತು. ಹುಡುಗಿಯೊಬ್ಬಳು ಬಿಸಿ ಎಷ್ಟು ಅಂತ ಪುಸ್ತಕದಲ್ಲಿ ಬರೆದುಕೊಂಡಳು. ಅಜ್ಜಿ ಅದರ ಕಡೆ ನೋಡಲೂ ಇಲ್ಲ.

ಆ ಪುಸ್ತಕ ಸುಮ್ನೆ ಅಲ್ಲ. ಆಯುರ್ವೇದ ಔಷಧ ಮಾಡಿ ಮಾರೋಕೆ ಲೈಸೆನ್ಸ್ ಬೇಕು, ಓದಿದವರೊಬ್ಬರ ಮೇಲ್ವಿಚಾರಣೆ ಬೇಕು, ಪ್ರತಿ ಬ್ಯಾಚಿಗೂ ಲೆಕ್ಕ ಇಡಬೇಕು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಇವರ ಶೆಡ್ಡಿಗೂ ಅನ್ವಯಿಸುತ್ತದೆ. ಜತೆಗೆ 1954ರ ಇನ್ನೊಂದು ಕಾಯ್ದೆ ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಥರದ ರೋಗಗಳನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಟ್ಟರೆ ಅದು ಅಪರಾಧ. ಯೂಟ್ಯೂಬಿನಲ್ಲಿ ದಿನಾ ಇಂಥದ್ದನ್ನೇ ನೋಡುವ ನನಗೆ ಇವರ ಲೇಬಲ್ಲುಗಳು ತೀರಾ ಸಪ್ಪೆ ಅನ್ನಿಸಿದವು. ‘ಮೈಕೈ ನೋವಿಗೆ ಹಚ್ಚುವ ಎಣ್ಣೆ’, ಅಷ್ಟೇ. ಈ ಸಪ್ಪೆತನವೇ ನನಗೆ ನಂಬಿಕೆ ಹುಟ್ಟಿಸಿತು.

ಆ ಸನ್ಯಾಸಿನಿಯರಲ್ಲಿ ಅವತ್ತು ಶೆಡ್ಡಿನಲ್ಲಿದ್ದ ಸಿಸ್ಟರ್ ಮೊದಲು ನರ್ಸ್ ಆಗಿದ್ದವರು. ಮಾತು ಕಡಿಮೆ, ಕಣ್ಣು ಚುರುಕು. ಕಾಮಾಲೆಗೆ ನೆಲನೆಲ್ಲಿ ಕೊಡುತ್ತೀರಾ ಅಂತ ಕೇಳಿದೆ.

‘ಮಾರಲ್ಲ. ಕಣ್ಣು ಹಳದಿಯಾಗಿ ಬಂದವರನ್ನ ಮೊದಲು ರಕ್ತ ಪರೀಕ್ಷೆಗೆ ಕಳಿಸ್ತೀವಿ. ಅಜ್ಜಿ ಬೇಕಾದ್ರೆ ಆಮೇಲೆ ಕೊಡ್ಲಿ. ಅವರು ದುಡ್ಡು ತಗೊಳ್ಳೋದಿಲ್ಲ.’

ಅಜ್ಜಿಯ ಲೆಕ್ಕವೂ ಸ್ಪಷ್ಟ. ರೋಗಕ್ಕೆ ಕೊಡುವ ಮದ್ದಿಗೆ ದುಡ್ಡು ಮುಟ್ಟಿದರೆ ಕೈಗುಣ ಹೋಗುತ್ತದೆ. ಎಣ್ಣೆ ಕಾಯಿಸಿದ್ದು ಕೂಲಿ ಕೆಲಸ, ಅದಕ್ಕೆ ಪೈಸೆ ಬಿಡುವುದಿಲ್ಲ. ಗಿಡಮೂಲಿಕೆಯಿಂದ ಜೀವನ ಅಂದಾಗ ನಾವು ನಾಟಿ ವೈದ್ಯವನ್ನು ಕಲ್ಪಿಸಿಕೊಳ್ಳುತ್ತೇವೆ ಅಲ್ವಾ? ಇಲ್ಲಿ ಮನೆ ನಡೆಸುತ್ತಿರುವುದು ಹಿಮ್ಮಡಿಯ ಮುಲಾಮು ಮತ್ತು ಮೈಕೈ ನೋವಿನ ಎಣ್ಣೆ.

ಪಾದ್ರಿಗಳಿಗೂ ನಮ್ಮ ಕರಾವಳಿಯ ಗಿಡಗಳಿಗೂ ಇರುವ ನಂಟು ಹೊಸದಲ್ಲ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ, ಮಲಬಾರಿನ ಗಿಡಗಳ ಬಗೆಗಿನ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಕೆಲಸದಲ್ಲಿ ಕೇರಳದ ವೈದ್ಯ ಇಟ್ಟಿ ಅಚ್ಯುತನ್, ಮೂವರು ಕೊಂಕಣಿ ವೈದ್ಯರ ಜತೆ ಮ್ಯಾಥ್ಯೂ ಎಂಬ, ಕಾರ್ಮೆಲೈಟ್ ಸನ್ಯಾಸಿ ಪಂಥದ ಪಾದ್ರಿಯೂ ಇದ್ದರು. ಗಿಡದ ಗುಟ್ಟು ಹೇಳಿಕೊಟ್ಟ ಹೆಂಗಸರು ಆಗಲೂ ಇದ್ದಿರಬೇಕು. ಹೆಸರು ಮಾತ್ರ ಗಂಡಸರದ್ದು.

ಮಧ್ಯಾಹ್ನ ಇಬ್ಬರು ಅಕ್ಕಂದಿರ ಹಿಂದೆ ಕಾಡಿಗೆ ಹೋದೆ. ಸೊಗದೆ ಬೇರು ಅಗೆಯುವಾಗ ಪೂರ್ತಿ ಕೀಳಲಿಲ್ಲ. ಒಂದು ಕಡೆಯ ಬೇರನ್ನು ಬಿಟ್ಟು ಮಣ್ಣು ಮುಚ್ಚಿದರು. ಅಶೋಕದ ತೊಗಟೆಗೆ ಹೊರಗಿನ ವ್ಯಾಪಾರಿಗಳು ಒಳ್ಳೇ ರೇಟು ಹೇಳುತ್ತಾರಂತೆ. ಇವರು ಮುಟ್ಟುವುದಿಲ್ಲ, ಸುತ್ತ ತೊಗಟೆ ಸುಲಿದರೆ ಮರವೇ ಹೋಯಿತು. ಮೊದಲು ಎಲ್ಲವನ್ನೂ ದಲ್ಲಾಳಿಗೆ ಕೊಡುತ್ತಿದ್ದರು. ಉಪ್ಪಾಗೆ ಹಣ್ಣಿನ ಸಿಪ್ಪೆಯನ್ನು ಮಳೆಗಾಲದಲ್ಲಿ ರಾಶಿ ಸೌದೆ ಉರಿಸಿ ಒಣಗಿಸಿದರೂ ಅವನು ಹೇಳಿದ್ದೇ ತೂಕ. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಮೇಲೆ ಹಕ್ಕು ಕೊಟ್ಟಿತು. ಕಾಗದದ ಮೇಲೆ ಸಿಕ್ಕ ಹಕ್ಕನ್ನು ಫಾರೆಸ್ಟ್ ಗಾರ್ಡಿನ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ಬರಲು ಇನ್ನೂ ಸಮಯ ಹಿಡಿಯಿತು ಅಂತ ಒಬ್ಬರು ನಕ್ಕರು.

ವಾಪಸು ಬಂದ ಮೇಲೆ ಎಲ್ಲರೂ ಕಾಲು, ಕಿಬ್ಬೊಟ್ಟೆ ತಡಕಿ ಉಣುಗು ಹುಡುಕಿಕೊಂಡರು. ನನಗೂ ಹುಡುಕಿಕೊಳ್ಳಲು ಹೇಳಿದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಈ ಜಿಲ್ಲೆಯನ್ನೂ ಬಿಟ್ಟಿಲ್ಲ. ಡಿಸೆಂಬರಿನಿಂದ ಬೇಸಿಗೆಯವರೆಗೆ ಭಯ ಹೆಚ್ಚು. ಆ ತಿಂಗಳುಗಳಲ್ಲಿ ಉಣುಗು ದೂರ ಇಡುವ ಡೆಪಾ ಎಣ್ಣೆ ಹಚ್ಚಿಕೊಳ್ಳದೆ ಯಾರೂ ಕಾಡಿಗೆ ಕಾಲಿಡಬಾರದು. ಇದು ಸಿಸ್ಟರ್ ಹಾಕಿದ ಕಟ್ಟುನಿಟ್ಟು. ಗಿಡಮೂಲಿಕೆಯ ಹೆಂಗಸರು ಸರ್ಕಾರಿ ಡಬ್ಬಿಯ ಎಣ್ಣೆ ಹಚ್ಚಿಕೊಂಡು ಹೋಗೋದರಲ್ಲಿ ಅವರಿಗೆ ಯಾವ ಮುಜುಗರವೂ ಇಲ್ಲ.

ಸಂಪಾದನೆ ದೊಡ್ಡದೇನಲ್ಲ. ಕೊಯ್ಲು ಬಂದರೆ ಬಹಳ ಮಂದಿ ಗದ್ದೆಗೆ ಕೂಲಿಗೆ ಹೋಗುತ್ತಾರೆ, ಶೆಡ್ಡು ಅರ್ಧ ಖಾಲಿ. ಆದರೆ ಪಾಸ್‌ಬುಕ್ ಅವರವರ ಹೆಸರಲ್ಲಿದೆ. ಸೊಪ್ಪಿನ ತೂಕದ ವಿಷಯಕ್ಕೆ ಅವತ್ತು ಒಂದು ಜಗಳವೂ ಆಯಿತು. ಒದ್ದೆ ಸೊಪ್ಪು ತಂದವಳಿಗೆ ಎಷ್ಟು ಕಳೆಯಬೇಕು ಅಂತ. ಸಿಸ್ಟರ್ ಬಾಯಿ ಹಾಕಲಿಲ್ಲ. ಜಗಳ ಮುಗಿದ ಮೇಲೆ ತೀರ್ಮಾನವನ್ನು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದರು.

ಹೊರಡುವಾಗ ಮೂರು ಡಬ್ಬಿ ಮುಲಾಮು, ಒಂದು ಬಾಟಲಿ ಎಣ್ಣೆ ತೆಗೆದುಕೊಂಡೆ. ‘ದೂರದಿಂದ ಬಂದಿದ್ದಾರೆ, ಸ್ವಲ್ಪ ಕಡಿಮೆ ಮಾಡಿ’ ಅಂದರು ಸಿಸ್ಟರ್. ಲೆಕ್ಕ ಬರೆಯುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. ‘ನಿಮ್ಮ ಕಾನ್ವೆಂಟಿನ ದುಡ್ಡಲ್ಲಿ ಕಡಿಮೆ ಮಾಡ್ರಿ ಸಿಸ್ಟರ್, ಶೆಡ್ಡಿಂದು ಬ್ಯಾಡ’ ಅಂತ ರಸೀದಿ ಹರಿದು ನನ್ನ ಕೈಗಿಟ್ಟರು. ಸಿಸ್ಟರ್ ಜೋರಾಗಿ ನಕ್ಕರು. ನಾನು ಪೂರ್ತಿ ರೇಟು ಕೊಟ್ಟೆ.