ಚಿತ್ರ ಬರೆದರೆ ಟೆನ್ಷನ್ ಹೋಗುತ್ತಾ?

ನಾನು ಡಿಸೈನ್ ಪಾಠ ಮಾಡುತ್ತೇನೆ ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ಚಿತ್ರ ಬರೆದರೆ ಟೆನ್ಷನ್ ಕಡಿಮೆ ಆಗುತ್ತಂತೆ, ಹೌದಾ?"

ಹೌದು, ಆಗಬಹುದು. ನಿಮಗೆ ಇಷ್ಟೇ ಬೇಕಿದ್ದರೆ ಓದುವುದನ್ನು ಇಲ್ಲಿಗೇ ಬಿಟ್ಟು ಹೋಗಿ ಬಣ್ಣ ಹಚ್ಚಿ. ಚೆನ್ನಾಗಿಯೇ ಬರಬೇಕೆಂದೇನೂ ಇಲ್ಲ.

ಇದೇನು ಹೊಸ ಸುದ್ದಿಯೂ ಅಲ್ಲ. ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಕಲಾವಿದರು ಕ್ಷಯ ಬಂದು ಸ್ಯಾನಟೋರಿಯಂನಲ್ಲಿ ಇದ್ದಾಗ ಸುಮ್ಮನಿರಲಾಗದೆ ಚಿತ್ರ ಬರೆದರು. ಆಮೇಲೆ ಬೇರೆ ರೋಗಿಗಳಿಗೂ ಬರೆಯಲು ಹಚ್ಚಿದರು. 'ಆರ್ಟ್ ಥೆರಪಿ' ಎಂಬ ಹೆಸರು 1942ರಲ್ಲಿ ಅವರಿಂದಲೇ ಬಂತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿಯೊಂದು 3000ಕ್ಕೂ ಹೆಚ್ಚು ಅಧ್ಯಯನಗಳನ್ನು ತಿರುವಿ ಹಾಕಿ, ಕಲೆಯಿಂದ ಆರೋಗ್ಯಕ್ಕೆ ಉಪಯೋಗವಿದೆ ಎಂದಿತು. ಸಾಕಲ್ವಾ? ಆದರೆ ಆರ್ಟ್ ಥೆರಪಿಸ್ಟ್ ಆಗಲು ಬೇರೆಯೇ ತರಬೇತಿ ಬೇಕು. ನಾನು ಆ ಕೆಲಸದವಳಲ್ಲ. ಕೇಳುವವರಿಗೆ ಇದನ್ನು ಹೇಳಿದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಅವರಿಗೆ ಬೇಕಾಗಿರುವುದು ಒಂದು ಮಾತ್ರೆ. ಊಟಕ್ಕೆ ಮುಂಚೆಯೋ, ಆಮೇಲೋ ಎಂದು ಕೇಳುವುದೊಂದು ಬಾಕಿ.

ಒಮ್ಮೆ ಅಡ್ಮಿಷನ್ ಸಮಯದಲ್ಲಿ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. "ಮೇಡಂ, ಇವಳು ಸ್ವಲ್ಪ ಸೆನ್ಸಿಟಿವ್. ಓದಿನ ಪ್ರೆಶರ್ ತಡೆಯಲ್ಲ. ನಿಮ್ಮ ಕೋರ್ಸ್ ಆದ್ರೆ ಆರಾಮಾಗಿರುತ್ತೆ, ಮನಸ್ಸಿಗೂ ಒಳ್ಳೇದು ಅಂದ್ರು."

ಯಾರು ಹಾಗೆ ಅಂದರೋ ಅವರನ್ನು ಜ್ಯೂರಿ ವಾರದಲ್ಲಿ, ಅಂದರೆ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಪರೀಕ್ಷಕರ ಮುಂದಿಡುವ ವಾರದಲ್ಲಿ, ನಮ್ಮ ಸ್ಟುಡಿಯೋಗೆ ಕರೆತರಬೇಕು. ನಿದ್ದೆಗೆಟ್ಟ ಕಣ್ಣುಗಳು, ಅಂಟು ಮೆತ್ತಿದ ಬೆರಳುಗಳು, ಕೊನೇ ಗಳಿಗೆಯಲ್ಲಿ ಮುರಿದ ಮಾಡೆಲ್. ಮೂಲೆಯಲ್ಲಿ ಒಬ್ಬರಾದರೂ ಅಳುತ್ತಿರುತ್ತಾರೆ. ಡಿಸೈನ್ ಕಲಿತರೆ ಆರೋಗ್ಯ ಸುಧಾರಿಸುತ್ತದೆ ಎಂದು ಆ ವಾರ ಯಾರಾದರೂ ಹೇಳಿದರೆ ನಮ್ಮ ಹುಡುಗರು ಅಟ್ಟಿಸಿಕೊಂಡು ಬರುತ್ತಾರೆ.

ಅಪ್ಪ ಮಾತಾಡುತ್ತಿದ್ದಷ್ಟು ಹೊತ್ತೂ ಆ ಹುಡುಗಿ ಬಾಯಿ ಬಿಡಲಿಲ್ಲ. ಅವಳ ಸ್ಕೆಚ್ ಪುಸ್ತಕ ಇಸಿದುಕೊಂಡು ನೋಡಿದೆ. ಪುಟದ ಮೇಲೆ ಪುಟ, ಆಸ್ಪತ್ರೆಯ ವೇಟಿಂಗ್ ಹಾಲ್. ಕುರ್ಚಿಯಲ್ಲಿ ಜಾರಿ ನಿದ್ದೆ ಹೋದವರು. ಬೋರ್ಡ್ ಓದಲು ಕತ್ತು ಮೇಲೆ ಮಾಡಿ ನಿಂತವರು. ಫೈಲು, ಎಕ್ಸ್‌ರೇ ಕವರು, ಚೀಟಿ ಎಲ್ಲವನ್ನೂ ಒಂದೇ ಕೈಯಲ್ಲಿ ಹಿಡಿದು ಪರದಾಡುವವರು. "ಅದೆಲ್ಲ ಸುಮ್ನೆ ಟೈಂಪಾಸ್‌ಗೆ" ಎಂದರು ಅಪ್ಪ.

ಟೈಂಪಾಸ್! ಆ ಹಾಲ್ ಕಟ್ಟಿಸಿದವರು ಇದರಲ್ಲಿ ನಾಲ್ಕು ಪುಟ ನೋಡಿದ್ದರೂ ಬೋರ್ಡನ್ನು ಅಷ್ಟು ಎತ್ತರಕ್ಕೆ ಹಾಕುತ್ತಿರಲಿಲ್ಲ.

ಕಾಯಿಲೆ, ಔಷಧ, ಆಸ್ಪತ್ರೆ ಇರುವ ಕಡೆ ಚಿತ್ರ ಕಲಿತವರಿಗೆ ಏನು ಕೆಲಸ ಎಂದು ಯಾರಾದರೂ ಕೇಳಲಿ ಎಂದು ಕಾದಿದ್ದೇನೆ. ಯಾರೂ ಕೇಳುವುದಿಲ್ಲ. ಹಾಗಾಗಿ ಕೇಳದಿದ್ದರೂ ಹೇಳುತ್ತೇನೆ.

ಡೆಬೊರಾ ಆಡ್ಲರ್ ನ್ಯೂಯಾರ್ಕಿನ ಸ್ಕೂಲ್ ಆಫ್ ವಿಷುಯಲ್ ಆರ್ಟ್ಸ್‌ನಲ್ಲಿ ಡಿಸೈನ್ ವಿದ್ಯಾರ್ಥಿನಿಯಾಗಿದ್ದರು. ಅವರ ಅಜ್ಜಿ ಒಮ್ಮೆ ಗೊತ್ತಾಗದೆ ಅಜ್ಜನ ಮಾತ್ರೆ ನುಂಗಿಬಿಟ್ಟರು. ಇಂಥ ಹೊತ್ತಿನಲ್ಲಿ ನಾವೆಲ್ಲ ಏನನ್ನುತ್ತೇವೆ? ಅಜ್ಜಿಗೆ ವಯಸ್ಸಾಯಿತು, ಕಣ್ಣು ಕಾಣಲ್ಲ. ಆಡ್ಲರ್ ಅಜ್ಜಿಯನ್ನು ಬಿಟ್ಟು ಡಬ್ಬಿಯನ್ನು ನೋಡಿದರು. ಇಬ್ಬರದೂ ಹೆಚ್ಚುಕಡಿಮೆ ಒಂದೇ ತರಹದ ಡಬ್ಬಿ. ದುಂಡಗಿರುವುದರಿಂದ ಓದಲು ತಿರುಗಿಸುತ್ತಲೇ ಇರಬೇಕು. ಅಂಗಡಿಯ ಗುರುತು ದೊಡ್ಡದು, ಔಷಧದ ಹೆಸರು ಚಿಕ್ಕದು. ಅವರು ಕೋರ್ಸಿನ ಕೊನೆಯ ಪ್ರಾಜೆಕ್ಟಾಗಿ ಶುರು ಮಾಡಿದ್ದು 2005ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಫಾರ್ಮಸಿಗೆ ಬಂತು. ಡಬ್ಬಿಗೆ ಚಪ್ಪಟೆ ಮುಖ. ಔಷಧದ ಹೆಸರು ಎಲ್ಲಕ್ಕಿಂತ ಮೇಲೆ, ಎಷ್ಟು ತೆಗೆದುಕೊಳ್ಳಬೇಕು ಎಂಬುದು ಅದರ ಕೆಳಗೆ. ಮನೆಯ ಒಬ್ಬೊಬ್ಬರ ಡಬ್ಬಿಗೂ ಒಂದೊಂದು ಬಣ್ಣದ ರಿಂಗ್. ಯಾವ ಅಕ್ಷರ ದಪ್ಪ ಇರಬೇಕು, ಎಲ್ಲಿ ಜಾಗ ಬಿಡಬೇಕು ಎಂಬುದನ್ನು ನಾವು ಮೊದಲ ವರ್ಷವೇ ಕಲಿಸುತ್ತೇವೆ. ಆ ಕ್ಲಾಸಿನಲ್ಲಿ ಎಲ್ಲರೂ ಆಕಳಿಸುತ್ತಾರೆ, ಅದು ಬೇರೆ ಮಾತು.

ವೇಟಿಂಗ್ ಹಾಲ್ ಎಂದೆನಲ್ಲ. ಇಂಗ್ಲೆಂಡಿನ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಕಾದು ಕಾದು ಸಿಟ್ಟಾದವರು ಸಿಬ್ಬಂದಿಯ ಮೇಲೆ ಎಗರುವುದು ಜಾಸ್ತಿ ಇತ್ತು. ಪಿಯರ್ಸನ್‌ಲಾಯ್ಡ್ ಎಂಬ ಡಿಸೈನ್ ಸ್ಟುಡಿಯೋ ಗೋಡೆಗಳ ಮೇಲೆ ಸರಳವಾಗಿ ಬರೆದು ಹಾಕಿತು: ನೀವೀಗ ಎಲ್ಲಿದ್ದೀರಿ, ಮುಂದೆ ಏನಾಗುತ್ತದೆ, ಯಾಕೆ ಕಾಯಬೇಕು. ಅದನ್ನು ಹಾಕಿದ ಕಡೆ ಬೆದರಿಸುವಂಥ ವರ್ತನೆ 50 ಶೇಕಡಾ ಇಳಿಯಿತು.

ಇನ್ನು ಡಾಕ್ಟರುಗಳ ವಿಷಯ. ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ಮ್ಯೂಸಿಯಂಗೆ ಕರೆದೊಯ್ದು ಪೇಂಟಿಂಗ್ ಮುಂದೆ ನಿಲ್ಲಿಸಿದರು. ಕಂಡದ್ದನ್ನಷ್ಟೇ ಹೇಳಬೇಕು, ಊಹೆ ಆಮೇಲೆ. ಹೀಗೆ ಕಲಿತವರು ರೋಗಿಗಳ ಫೋಟೋ ನೋಡಿದಾಗ, ಕಲಿಯದವರಿಗಿಂತ ಹೆಚ್ಚು ಗುರುತಿಸಿದರು. 2001ರಲ್ಲಿ ಪ್ರಕಟವಾದ ಅಧ್ಯಯನ ಇದು. ನಮ್ಮ ಡ್ರಾಯಿಂಗ್ ಕ್ಲಾಸಿನಲ್ಲಿ ನಾವು ಕಿರುಚುವುದೂ ಇದನ್ನೇ. ಗೊತ್ತಿರುವ ಕಿವಿಯನ್ನು ಬರೆಯಬೇಡ, ಎದುರಿಗಿರುವ ಕಿವಿಯನ್ನು ನೋಡು!

ಇಷ್ಟೆಲ್ಲ ಹೇಳಿದ ಮೇಲೂ ಆಸ್ಪತ್ರೆಗಳಿಂದ ನಮಗೆ ಬರುವ ಫೋನ್ ಯಾವುದು ಗೊತ್ತಾ? "ಮಕ್ಕಳ ವಾರ್ಡಿನ ಗೋಡೆಗೆ ಚಿಟ್ಟೆ ಬರೆಸಿಕೊಡ್ತೀರಾ?" ಖಂಡಿತ ಬರೆಸಿಕೊಡುತ್ತೇವೆ. ಮಕ್ಕಳಿಗೆ ಚಿಟ್ಟೆ ಇಷ್ಟ. ಆದರೆ ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಬಂದವರು ಒಂದೇ ಕೈಯಲ್ಲಿ ಟಾಯ್ಲೆಟ್ ಬಾಗಿಲು ತೆಗೆಯಲಾಗದೆ ಒದ್ದಾಡುವುದನ್ನು ನಮ್ಮ ವಿದ್ಯಾರ್ಥಿಗಳು ಎರಡು ದಿನ ಕೂತು ನೋಡಲು ಬಿಡಿ. ಚಿಟ್ಟೆಗೆ ದುಡ್ಡು ಬೇಡ. ಬಾಗಿಲಿಗೆ ಕೊಡಿ.