‘ಯಂತ್ರ ಎಷ್ಟು ಮುಗಿಯಿತು?’ ಎಂದು ಕೇಳುವವರಿಗೆ

ಮೊದಲ ಸಲ ಮನೆಗೆ ಬಂದವರು ಮೇಜಿನ ಮೇಲಿರುವ ಅಲ್ಯೂಮಿನಿಯಂ ಚೌಕಟ್ಟನ್ನು ನೋಡಿ ‘ಇದೇನು?’ ಎನ್ನುತ್ತಾರೆ. ಎರಡನೆಯ ಸಲ ಬಂದಾಗ ಎಲ್ಲರದೂ ಒಂದೇ ಪ್ರಶ್ನೆ: ‘ಇನ್ನೂ ಮುಗಿದಿಲ್ಲವೇ? ಎಷ್ಟಾಯಿತು?’ ಇದಕ್ಕೆ ನಾನು ಬಾಯಿಮಾತಿನಲ್ಲಿ ಉತ್ತರ ಹೇಳುವುದನ್ನು ಬಿಟ್ಟು ತಿಂಗಳುಗಳಾದವು. ಕಡತದಿಂದ ಎರಡು ಹಾಳೆ ತೆಗೆದು ಪಕ್ಕಪಕ್ಕ ಇಡುತ್ತೇನೆ.

ನಾನು ಕಟ್ಟುತ್ತಿರುವುದು ಪೆನ್ ಪ್ಲಾಟರ್. ಪ್ರಿಂಟರ್ ಚುಕ್ಕೆಗಳನ್ನು ಕೂಡಿಸಿ ಚಿತ್ರ ಮಾಡಿದರೆ, ಇದು ಪೆನ್ನು ಹಿಡಿದು ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಗೆರೆಯನ್ನು ಎಳೆಯುತ್ತಲೇ ಹೋಗುತ್ತದೆ. ಹೊಸ ಸಂಗತಿಯೇನಲ್ಲ, ಅಮೆರಿಕದ ಕ್ಯಾಲ್‌ಕಾಂಪ್ ಕಂಪನಿ 1959ರಲ್ಲೇ ಇಂಥ ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. ನನ್ನದು ಎ3 ಹಾಳೆಯ ಅಳತೆಯದು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಎರಡು ಸ್ಟೆಪ್ಪರ್ ಮೋಟಾರ್, ಹಲ್ಲಿನ ಬೆಲ್ಟ್, ಪೆನ್ನು ಎತ್ತಿ ಇಳಿಸಲು ಒಂದು ಪುಟ್ಟ ಸರ್ವೋ ಮೋಟಾರ್, ಇವನ್ನೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದು ತಂದೆ.

ಮೊದಮೊದಲು ಬಿಡಿಭಾಗಗಳ ಪಟ್ಟಿ ಮಾಡಿಕೊಂಡು, ಜೋಡಿಸಿದ್ದಕ್ಕೆಲ್ಲ ಗುರುತು ಹಾಕುತ್ತಿದ್ದೆ. ಆ ಪಟ್ಟಿಯನ್ನು ನಂಬುವುದಾದರೆ ಯಂತ್ರ ಮೂರನೆಯ ತಿಂಗಳಿಗೇ ಹೆಚ್ಚುಕಡಿಮೆ ಮುಗಿದಿತ್ತು. ಆದರೆ ಅದು ಎಳೆದ ವೃತ್ತ ದುಂಡಗಿರಲಿಲ್ಲ. ಯಂತ್ರ ಎಲ್ಲಿಗೆ ಬಂತು ಎಂಬುದನ್ನು ಕಾಗದವೇ ಹೇಳಬೇಕು ಎಂದು ಆಗ ನಿಶ್ಚಯಿಸಿದೆ.

ಅಂದಿನಿಂದ ಒಂದೇ ಚಿತ್ರ, ಒಂದೇ ಬಗೆಯ ಕಾಗದ, ಒಂದೇ ಪೆನ್ನು. ಹಾಳೆಯ ಮೂಲೆಯಲ್ಲಿ ದಿನಾಂಕ, ಕ್ರಮಸಂಖ್ಯೆ ಮತ್ತು ಆ ದಿನ ಬದಲಿಸಿದ ಒಂದೇ ಒಂದು ಸಂಗತಿ. ಚಿತ್ರದಲ್ಲಿ 100 ಮಿಲಿಮೀಟರಿನ ಚೌಕ, ಒಂದು ವೃತ್ತ ಮತ್ತು ಒಂದು ಎಳೆ ರಂಗೋಲಿ ಇವೆ. ಐದು ಸಾಲು, ಸಾಲಿಗೆ ನಾಲ್ಕು ಚುಕ್ಕಿ. ಐದಕ್ಕೂ ನಾಲ್ಕಕ್ಕೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದಿರುವುದರಿಂದ, ಹೊರಟ ಎಳೆ ಎಲ್ಲ ಚುಕ್ಕಿಗಳನ್ನೂ ಬಳಸಿ ಹೊರಟಲ್ಲಿಗೇ ಬಂದು ಕೂಡಿಕೊಳ್ಳುತ್ತದೆ. ಯಂತ್ರ ದಾರಿಯಲ್ಲಿ ಎಲ್ಲಿಯಾದರೂ ಹೆಜ್ಜೆ ತಪ್ಪಿದರೆ ಕೂಡುವುದಿಲ್ಲ. ಅಂಗಳದಲ್ಲಿ ವರ್ಷಗಟ್ಟಲೆ ರಂಗೋಲಿ ಹಾಕಿದ ಅಮ್ಮ ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದು, ‘ಎಳೆ ಕೂಡಿಲ್ಲವಲ್ಲೋ’ ಎಂದಳು. ಅದಕ್ಕಿಂತ ನಿಖರವಾದ ಪರೀಕ್ಷೆ ನನಗೆ ಬೇಕಿರಲಿಲ್ಲ.

ಚೌಕದ ಲೆಕ್ಕ ಸುಲಭ. ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಪ್ರತಿ ಹೆಜ್ಜೆಯನ್ನು 16 ಪಾಲು ಮಾಡಿದರೆ 3200. ಬೆಲ್ಟನ್ನು ಎಳೆಯುವ ಹಲ್ಲಿನ ಗಾಲಿಗೆ, ಅಂದರೆ ಪುಲ್ಲಿಗೆ, 20 ಹಲ್ಲು, ಹಲ್ಲಿಗೆ 2 ಮಿಲಿಮೀಟರ್, ಅಂದರೆ ಸುತ್ತಿಗೆ 40 ಮಿಲಿಮೀಟರ್. ಮಿಲಿಮೀಟರಿಗೆ 80 ಹೆಜ್ಜೆ. ನನ್ನ ಚೌಕ ವರ್ನಿಯರ್ ಅಳತೆಗೋಲಿನಲ್ಲಿ 99.5 ತೋರಿಸಿತು, 80ನ್ನು 80.4 ಮಾಡಿದೆ, ಸರಿಹೋಯಿತು.

ಕಾಡಿದ್ದು ವೃತ್ತ. 11ನೆಯ ಹಾಳೆಯಲ್ಲಿ ಅದು ಎರಡು ಕಡೆ ಚಪ್ಪಟೆಯಾಗಿತ್ತು. ಬೆಲ್ಟ್ ಸಡಿಲವಿರಬೇಕೆಂದು ಬಿಗಿ ಮಾಡಿದೆ, ಅದೇ ದಿನ ವೇಗವನ್ನೂ ತಗ್ಗಿಸಿದೆ. ಒಂದು ಹಾಳೆಗೆ ಒಂದೇ ಬದಲಾವಣೆ ಎಂಬ ನನ್ನದೇ ನಿಯಮವನ್ನು ಮುರಿದದ್ದರಿಂದ ಯಾವುದರಿಂದ ಏನಾಯಿತೆಂದು ತಿಳಿಯದೆ ಎರಡು ವಾರ ಹೋದವು. ಕೊನೆಗೆ ಹಾಳೆಯನ್ನೇ ಸರಿಯಾಗಿ ನೋಡಿದೆ. ವೃತ್ತವನ್ನು ಗಡಿಯಾರ ಎಂದುಕೊಂಡರೆ, ಚಪ್ಪಟೆಯಾದದ್ದು ಒಂದೂವರೆ ಮತ್ತು ಏಳೂವರೆ ಗಂಟೆಯ ಜಾಗದಲ್ಲಿ. ಅಡ್ಡಕ್ಕೊಂದು, ಉದ್ದಕ್ಕೊಂದು ಮೋಟಾರ್ ಇರುವ ಯಂತ್ರದಲ್ಲಿ ಈ ದೋಷ ಮೋಟಾರ್ ದಿಕ್ಕು ಬದಲಿಸುವ ಹನ್ನೆರಡು, ಮೂರು, ಆರು, ಒಂಬತ್ತರ ಜಾಗದಲ್ಲಿ ಕಾಣಬೇಕು. ನನ್ನದು ಕೋರ್‌ಎಕ್ಸ್‌ವೈ ಜೋಡಣೆ: ಅಡ್ಡ ಗೆರೆಗೂ ಉದ್ದ ಗೆರೆಗೂ ಎರಡೂ ಮೋಟಾರ್ ತಿರುಗಬೇಕು, ನಲವತ್ತೈದು ಡಿಗ್ರಿ ಓರೆ ಗೆರೆಗೆ ಒಂದೇ ಸಾಕು. ಹಾಗಾದರೆ ಒಂದು ಮೋಟಾರ್ ಮಾತ್ರ ದಿಕ್ಕು ಬದಲಿಸುವಾಗ ತಡಮಾಡುತ್ತಿದೆ! ರಂಗೋಲಿಯನ್ನು ನೋಡಿದರೆ ಅಲ್ಲಿಯೂ ಅದೇ ಸಾಕ್ಷಿ. ಒಂದು ಕಡೆಗೆ ವಾಲಿದ ಓರೆ ಎಳೆಗಳು ಮಾತ್ರ ಜಾಗ ಬಿಟ್ಟು ಸರಿದಿದ್ದವು. ಆ ಮೋಟಾರಿನ ಪುಲ್ಲಿಯನ್ನು ಬೆರಳಲ್ಲಿ ಹಿಡಿದು ತಿರುವಿದೆ. ಕೂದಲೆಳೆಯಷ್ಟು ಅಲುಗಾಡಿತು. ಅದನ್ನು ಹಿಡಿದಿಡುವ ಪುಟ್ಟ ಸ್ಕ್ರೂ, ಮೋಟಾರಿನ ದಂಡದ ಚಪ್ಪಟೆ ಮೈಯ ಮೇಲೆ ಕೂರದೆ ದುಂಡನೆಯ ಕಡೆ ಕೂತಿತ್ತು. ತಿರುಗಿಸಿ ಬಿಗಿದು 15ನೆಯ ಹಾಳೆ ಹಾಕಿದೆ. ವೃತ್ತ ದುಂಡಗೆ ಬಂತು. ಆ ಹಾಳೆಯನ್ನು ಎಷ್ಟು ಸಲ ತೆಗೆದು ನೋಡಿದ್ದೇನೋ!

ಹಾಗಾದರೆ ಈಗ ಎಷ್ಟಾಗಿದೆ? 26 ಹಾಳೆಗಳಾಗಿವೆ. ರಂಗೋಲಿಯ ಎಳೆ ಕೂಡುತ್ತಿದೆ. ಪೆನ್ನು ಊರಿದ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಮಸಿ ಬೊಟ್ಟು ಇನ್ನೂ ಉಳಿದಿದೆ.

ನನ್ನ ಪಾಲಿಗೆ ದೊಡ್ಡ ಕೆಲಸ ಇರುವುದು ಅಕ್ಷರಗಳಲ್ಲಿ. ಸಾಮಾನ್ಯ ಫಾಂಟ್‌ನಲ್ಲಿ ಇರುವುದು ಅಕ್ಷರದ ಅಂಚು ಮಾತ್ರ. ಪ್ಲಾಟರಿಗೆ ಕೊಟ್ಟರೆ ‘ಅ’ ಒಳಗೆ ಟೊಳ್ಳಾಗಿ, ಜೋಡಿ ಗೆರೆಯಲ್ಲಿ ಬರುತ್ತದೆ. ಇಂಗ್ಲಿಷಿಗೆ ಹರ್ಷಿ ಎಂಬವರು 1967ರಲ್ಲಿ ಪ್ರಕಟಿಸಿದ ಒಂಟಿ ಗೆರೆಯ ಅಕ್ಷರಗಳಿವೆ. ಅವುಗಳಲ್ಲಿ ಕನ್ನಡ ಇಲ್ಲ. ಹಾಗಾಗಿ ಸ್ಲೇಟಿನ ಮೇಲೆ ಅಕ್ಷರ ತಿದ್ದುವಾಗ ಕೈ ಹೋಗುವ ದಾರಿಯನ್ನೇ ನೆನೆದು ಒಂದೊಂದಾಗಿ ಬರೆಯುತ್ತಿದ್ದೇನೆ. ಸ್ವರಗಳು ಮುಗಿದಿವೆ, ವ್ಯಂಜನಗಳು ‘ಮ’ವರೆಗೆ ಬಂದಿವೆ. ಒತ್ತಕ್ಷರಗಳನ್ನು ಇನ್ನೂ ಮುಟ್ಟಿಲ್ಲ. ಈ ವಾರ ‘ಯ’.