ಮೊದಲ ಕಾದಂಬರಿ, 17ನೇ ವಾರ: ಹನ್ನೊಂದನೇ ಅಧ್ಯಾಯ ಕೊನೆಗೂ ದಾಟಿದೆ

ಲೆಕ್ಕ ಮೊದ್ಲು ಹೇಳ್ಬಿಡ್ತೀನಿ. ಇವತ್ತಿಗೆ 43,600 ಪದ. ಮೂರು ವಾರದ ಹಿಂದೆ 38,200 ಇತ್ತು. ಆ ಮೂರು ವಾರದಲ್ಲಿ ಹದಿನಾರು ದಿನ ಒಂದು ಪದಾನೂ ಸೇರ್ಲಿಲ್ಲ, ಇವತ್ತು ಬರೀಬೇಕಿರೋದು ಆ ಹದಿನಾರು ದಿನದ ಬಗ್ಗೇನೇ.

ಕಥೆ ಗೊತ್ತಿಲ್ಲದೋರಿಗೆ: ಹನ್ನೆರಡು ವರ್ಷ ಮನೆ ಕಡೆ ತಲೆ ಹಾಕದ ಅಕ್ಕ, ಅಪ್ಪ ತೀರ್ಕೊಂಡ್ಮೇಲೆ ಪಾಲು ಕೇಳೋಕೆ ಬರ್ತಾಳೆ. ಅಷ್ಟೂ ವರ್ಷ ಅಪ್ಪನ್ನ ನೋಡ್ಕೊಂಡಿದ್ದು ತಮ್ಮ. ಹನ್ನೊಂದನೇ ಅಧ್ಯಾಯದಲ್ಲಿ ಇಬ್ರೂ ಮುಖಾಮುಖಿ ಆಗ್ತಾರೆ. ಇಡೀ ಕಾದಂಬರಿ ಶುರು ಮಾಡಿದ್ದೇ ಈ ಒಂದು ಸೀನ್ ತಲೇಲಿಟ್ಕೊಂಡು, ಅದೇ ಸೀನ್ ಕೈಗೆ ಬರ್ಲಿಲ್ಲ. ಐದು ಸಲ ಬರೆದೆ, ಐದು ಸಲಾನೂ ಇಬ್ರೂ ಬಾಯಿಪಾಠ ಮಾಡಿದ್ದನ್ನ ಒಪ್ಪಿಸ್ತಿದ್ದಾರೆ ಅನ್ನಿಸ್ತು.

ಆಮೇಲೆ ತಪ್ಪು ಕೆಲಸ ಮಾಡಿದೆ, ಮೊದಲ್ನೇ ಅಧ್ಯಾಯಕ್ಕೆ ವಾಪಸ್ ಹೋಗಿ ತಿದ್ದೋಕೆ ಕೂತೆ. ತಿದ್ದಿದಷ್ಟೂ ಕೆಟ್ಟದಾಗಿ ಕಾಣ್ಸ್ತು, ಅದು ಕೆಟ್ಟದಾಗಿ ಕಂಡಿದ್ಕೆ ಎರಡನೇದೂ ಹಾಗೇ ಕಾಣ್ಸ್ತು, ಸಂಜೆ ಹೊತ್ತಿಗೆ ನಂಗೆ ಬರೆಯೋಕೇ ಬರಲ್ಲ, ಇಷ್ಟು ದಿನ ಸುಮ್ನೆ ನನ್ನನ್ನೇ ನಂಬಿಸ್ಕೊಂಡಿದ್ದೆ ಅನ್ನೋವರೆಗೂ ಬಂದ್ಬಿಟ್ಟೆ. ಲ್ಯಾಪ್‌ಟಾಪ್ ತೆಗೆಯೋಕೇ ಭಯ ಆಗೋದು. 'ನಿನ್ನ ಮೇಲೆ ನಂಬಿಕೆ ಇಡು' ಅಂತ ಹೇಳಿದೋರ್ದು ಒಳ್ಳೆ ಮನಸ್ಸೇ, ಆದ್ರೆ ಆ ಮಾತು ಇಟ್ಕೊಂಡು ಮುಂದಿನ ಸಾಲು ಬರೆಯೋಕಾಗಲ್ಲ.

ದಾರಿ ಸಿಕ್ಕಿದ್ದು ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಬಗ್ಗೆ ಓದಿದಾಗ. 1938ರಲ್ಲಿ 'ದಿ ಗ್ರೇಪ್ಸ್ ಆಫ್ ರಾತ್' ಬರೆಯೋವಾಗ ಅವ್ರು ಪಕ್ಕದಲ್ಲೇ ಒಂದು ದಿನಚರಿ ಇಟ್ಟಿದ್ರು, ಅದ್ರಲ್ಲಿ ಈ ಪುಸ್ತಕ ನನ್ನ ಕೈಲಿ ಆಗುತ್ತಾ ಅನ್ನೋ ಅನುಮಾನ ಮತ್ತೆ ಮತ್ತೆ ಬರುತ್ತೆ. ಅದೇ ಪುಸ್ತಕಕ್ಕೆ 1940ರಲ್ಲಿ ಪುಲಿಟ್ಜರ್ ಬಂತು, ನಿಜ, ಆದ್ರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಪ್ರಶಸ್ತಿ ಅಲ್ಲ. ಅನುಮಾನಕ್ಕೆ ಅಂತ ಬೇರೆ ಜಾಗ ಕೊಟ್ಟು, ಅಲ್ಲಿ ಬರೆದಿಟ್ಟು, ಆಮೇಲೆ ಆ ದಿನದ ಪುಟಕ್ಕೆ ಕೈ ಹಾಕ್ತಿದ್ರು ಅನ್ನೋದು.

ನಾನೂ ಒಂದು ನೋಟ್‌ಬುಕ್ ತೆಗೆದೆ. ನಿಯಮ ಒಂದೇ, ಯಾವ ಅನುಮಾನ ಬಂದ್ರೂ ಪೂರ್ತಿ ವಾಕ್ಯದಲ್ಲಿ ಬರೀಬೇಕು, ಪಕ್ಕದಲ್ಲಿ ಅದು ಯಾವ ಪುಟದ ಬಗ್ಗೆ ಅಂತ ಹಾಕ್ಬೇಕು. ಮೊದಲ್ನೇ ಮೂರು ದಿನ 'ನಂಗೆ ಬರೆಯೋಕೆ ಬರಲ್ಲ', 'ಇದನ್ನ ಯಾರು ಓದ್ತಾರೆ' ಇಂಥವೇ. ಪಕ್ಕದಲ್ಲಿ ಪುಟದ ನಂಬರ್ ಹಾಕೋಕೆ ಏನೂ ಇಲ್ಲ. ಅವು ಬರ್ತಿದ್ದಿದ್ದೂ ಹೆಚ್ಚಾಗಿ ರಾತ್ರಿ, ಸುಸ್ತಾದಾಗ, ಅವತ್ತು ಬರೆದಿದ್ದನ್ನ ಅವತ್ತೇ ಓದ್ದಾಗ. ನಾಲ್ಕನೇ ದಿನ ಬೇರೆ ಥರದ್ದೊಂದು ಬಂತು: 'ಬಾಗಿಲಲ್ಲಿ ಅಕ್ಕನ್ನ ನೋಡಿ ತಮ್ಮ ಬೆಚ್ಚಿಬೀಳೋದು ನಂಬೋ ಹಾಗಿಲ್ಲ.' ಇದಕ್ಕೆ ಪುಟ ಇತ್ತು, 131.

ಯಾಕೆ ನಂಬೋ ಹಾಗಿಲ್ಲ ಅಂತ ಹಿಂದೆ ಹುಡುಕ್ತಾ ಹೋದೆ. ನಾಲ್ಕನೇ ಅಧ್ಯಾಯದಲ್ಲಿ ನಾನೇ ಬರೆದಿದೀನಿ, ಅಕ್ಕ ಬರ್ತಾಳೆ ಅಂತ ಪಕ್ಕದ ಮನೆಯವರು ಅವನಿಗೆ ಹೇಳಿರ್ತಾರೆ! ಅವನಿಗೆ ಒಂದು ತಿಂಗಳಿಂದ ಗೊತ್ತು. ಐದೂ ಸಲ ನಾನು ಅವನ ಕೈಲಿ ಇಲ್ಲದ ಆಶ್ಚರ್ಯ ಮಾಡಿಸ್ತಿದ್ದೆ, ಅದ್ಕೇ ಅಲ್ಲಿಂದ ಮುಂದಿನ ಮಾತೆಲ್ಲ ಸುಳ್ಳಾಗ್ತಿತ್ತು. ಆ ಹೊತ್ತು ಎದೆ ಎಷ್ಟು ಹಗುರ ಆಯ್ತು ಅಂದ್ರೆ, ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಒಂದು ತಿಂಗಳಿಂದ ಗೊತ್ತಿದ್ರೆ ಅವನು ಏನ್ಮಾಡಿರ್ತಾನೆ? ಅಪ್ಪನ ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿರ್ತಾನೆ. ಏನು ಹೇಳ್ಬೇಕು ಅಂತ ಸಾವಿರ ಸಲ ಒಳಗೇ ಹೇಳ್ಕೊಂಡಿರ್ತಾನೆ, ಅವಳು ಬಂದಾಗ ಅದ್ಯಾವುದೂ ಬಾಯಿಗೆ ಬರಲ್ಲ. ಆರನೇ ಸಲದಲ್ಲಿ ಅವನು ಬಾಗಿಲು ತೆಗೆದು 'ಬಂದ್ಯಾ' ಅಂತಾನೆ, ಅಷ್ಟೇ. ಅವಳ ಕಣ್ಣು ಮಂಚ ಇದ್ದ ಖಾಲಿ ಜಾಗಕ್ಕೆ ಹೋಗುತ್ತೆ. ಜಗಳ ತಾನಾಗೇ ಅಲ್ಲಿಂದ ಹುಟ್ಕೊಳ್ತು. ಒಂದೇ ಸಲ ಕೂತು 1,900 ಪದ ಬರೆದೆ.

ಮೊದಲ್ನೇ ಅಧ್ಯಾಯದ ಹಳೇ ಪ್ರತಿ ಇತ್ತು, ಅದನ್ನೇ ವಾಪಸ್ ಹಾಕಿದೀನಿ. ಡ್ರಾಫ್ಟ್ ಮುಗಿಯೋವರೆಗೂ ಹಿಂದಿನ ದಿನದ ಕೊನೇ ಪ್ಯಾರಾ ಬಿಟ್ಟು ಬೇರೇನೂ ತಿದ್ದಲ್ಲ. ನೋಟ್‌ಬುಕ್ ನಡೀತಿದೆ, ನಿನ್ನೆ ರಾತ್ರೀನೂ 'ಇದನ್ನ ಯಾರು ಓದ್ತಾರೆ' ಬಂತು, ಬರೆದಿಟ್ಟು ಮಲಗಿದೆ.

ಹನ್ನೆರಡನೇದು ಅಕ್ಕನ ಕಡೆಯಿಂದ. ಆ ರಾತ್ರಿ ಅವಳನ್ನ ಯಾವ ಕೋಣೇಲಿ ಮಲಗಿಸ್ತಾರೆ ಅನ್ನೋದು ಇನ್ನೂ ಗೊತ್ತಾಗಿಲ್ಲ, ನಾಳೆ ಅದ್ರಿಂದಾನೇ ಶುರು.